ರಾತ್ರಿಯೆಲ್ಲ ಟಕ್ ಟಕ್, ಹಗಲೆಲ್ಲ ನಿದ್ದೆ: ನಮ್ಮ ಕರಿಯನಿಗೆ ಏನಾಗಿದೆ?

ಕರಿಯನಮನೆ · ಮೈಸೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ನಾಯಿ ಕರಿಯನಿಗೆ 11 ವರ್ಷ. ಅಮ್ಮ ಲ್ಯಾಬ್ರಡಾರ್, ಅಪ್ಪ ನಮ್ಮ ಬೀದಿಯವನೇ ಯಾರೋ. ತೂಕ 31 ಕೆ.ಜಿ. ಮರಿಯಾಗಿದ್ದಾಗಿನಿಂದ ಅವನು ಮಲಗುವುದು ನಮ್ಮಪ್ಪನ ಮಂಚದ ಪಕ್ಕ, ಬರಿ ನೆಲದ ಮೇಲೆ, ಒಂದು ಮಗ್ಗುಲಿಗೆ ನಾಲ್ಕೂ ಕಾಲು ಚಾಚಿಕೊಂಡು. ರಾತ್ರಿ 10ಕ್ಕೆ ಅಪ್ಪ ಲೈಟ್ ಆರಿಸಿದ ತಕ್ಷಣ ಇವನದೊಂದು ದೊಡ್ಡ ನಿಟ್ಟುಸಿರು. ಆಮೇಲೆ ಇಬ್ಬರದೂ ಗೊರಕೆ. ಬೆಳಿಗ್ಗೆ ಹಾಲಿನವರು ಗೇಟು ತೆಗೆಯುವವರೆಗೆ ಏಳುತ್ತಿರಲಿಲ್ಲ.

ಈಗ ಐದಾರು ವಾರದಿಂದ ಎಲ್ಲ ಉಲ್ಟಾ. ಅಪ್ಪನ ರೂಮಿನ ಬಾಗಿಲವರೆಗೆ ಬರುತ್ತಾನೆ, ನಿಂತು ನೋಡುತ್ತಾನೆ, ವಾಪಸ್ ಹೋಗುತ್ತಾನೆ. ಬಾತ್‌ರೂಮ್ ಮುಂದಿನ ಕಾಲೊರಸಿನ ಮೇಲೆ ಮುದುಡಿಕೊಂಡು ಮಲಗುತ್ತಾನೆ. ಆ ಕಾಲೊರಸು ಅವನ ಅರ್ಧ ಮೈಗೂ ಸಾಲುವುದಿಲ್ಲ. ಮಧ್ಯರಾತ್ರಿ ಒಂದು ಗಂಟೆಗೆ ಎದ್ದರೆ ಶುರು, ಉಗುರಿನ ಟಕ್ ಟಕ್ ಟಕ್. ಹಾಲ್, ಪ್ಯಾಸೇಜ್, ಮತ್ತೆ ಹಾಲ್. ಒಂದೊಂದು ಸಲ ಅಡುಗೆಮನೆ ಬಾಗಿಲಲ್ಲಿ ಕತ್ತಲಲ್ಲಿ ಸುಮ್ನೆ ನಿಂತಿರುತ್ತಾನೆ. ನೀರಿಗೂ ಅಲ್ಲ, ತಿಂಡಿಗೂ ಅಲ್ಲ. ನೋಡಿದರೆ ಮೈ ಜುಮ್ ಅನ್ನುತ್ತದೆ. ಹಗಲೆಲ್ಲ ನಿದ್ದೆ. ಸೋಫಾ ಹತ್ತುವುದನ್ನೂ ಬಿಟ್ಟಿದ್ದಾನೆ. ಊಟಕ್ಕೆ ಮಾತ್ರ ಏನೂ ಕಮ್ಮಿಯಿಲ್ಲ, ರಾಗಿ ಮುದ್ದೆ ಕೋಳಿ ಎರಡು ನಿಮಿಷದಲ್ಲಿ ಖಾಲಿ.

ಮನೆಯಲ್ಲಿ ಏನೂ ಬದಲಾಗಿಲ್ಲ. ಅದೇ ಊಟ, ಅದೇ ಜನ. ದಸರಾಗೆ ಮುಂಚೆ ರಿಪೇರಿ ಮಾಡಿಸಿದೆವು, ಪೇಂಟು, ಟೈಲ್ಸು, ವೈರಿಂಗು ಎಲ್ಲ. ಆ ಗಲಾಟೆಯಲ್ಲಿ ಇವನೂ ಕಂಗಾಲಾಗಿದ್ದ. ಆದರೆ ಅದು ಮುಗಿದು ಎರಡು ತಿಂಗಳಾಯಿತು.

ಅಪ್ಪ ಹೇಳುವುದು ಒಂದೇ ಮಾತು. "ವಯಸ್ಸಾಯ್ತು ಕಣೇ. ನಂಗೂ ನಿದ್ದೆ ಬರಲ್ಲ, ಅವನಿಗೂ ಬರಲ್ಲ." ಅಷ್ಟೇನಾ? ನಿಮಗೆ ಯಾರಿಗಾದರೂ ಹೀಗಾಗಿದೆಯಾ?

ಪಗ್ಗುಪ್ಪ · ಹುಬ್ಬಳ್ಳಿ

ಚಳಿ ರೀ ಮೇಡಂ. ಡಿಸೆಂಬರ್ ಅಲ್ವಾ. ನಮ್ಮ ಪಗ್ಗು ಈಗ ನನ್ನ ಹೊದಿಕೆ ಒಳಗೇ ಇರುವುದು. ಹೊದಿಕೆ ಅವನದು, ನಾನು ಬಂದ ನೆಂಟ.

ಕರಿಯನಮನೆ

ನಾನೂ ಚಳಿಯಿರಬಹುದು ಅಂತ ಹಳೇ ಕಂಬಳಿ ಮಡಚಿ ಮಂಚದ ಪಕ್ಕ ಹಾಕಿದೆ. ಮೊದಲ ರಾತ್ರಿ ಅದರ ಮೇಲೆ ಮಲಗಿದ. ಬೆಳಿಗ್ಗೆ ನೋಡಿದರೆ ಕಂಬಳಿ ರೂಮಿನ ಇನ್ನೊಂದು ಮೂಲೆಯಲ್ಲಿ, ಇವನು ಕಾಲೊರಸಿನ ಮೇಲೆ. ಬೇಡ ಅಂತ ಎಳೆದು ಬಿಸಾಕಿದ್ದಾನೆ ಅಂದುಕೊಂಡೆ.

ಮುಧೋಳದವ · ಬಾಗಲಕೋಟೆ ಜಿಲ್ಲೆ

ನಮಸ್ಕಾರ ಅಕ್ಕಾರ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಮುಧೋಳ ನಾಯಿ ಸಾಕುತ್ತಾ ಬಂದಿದ್ದೇವೆ. ನನಗೆ ತಿಳಿದಷ್ಟು ಹೇಳುತ್ತೇನೆ.

ನಾಯಿ ಎಷ್ಟು ತಾಸು ಮಲಗಿತು ಅಂತ ಎಣಿಸುತ್ತಾ ಕೂತರೆ ಏನೂ ತಿಳಿಯುವುದಿಲ್ಲ. ಬೆಳೆದ ನಾಯಿ ದಿನಕ್ಕೆ 12 ತಾಸಿನ ಆಜುಬಾಜು ಮಲಗುತ್ತದೆ. ಮರಿ 18 ತಾಸೂ ಮಲಗುತ್ತದೆ. ಮುದಿ ನಾಯಿ ಮತ್ತೆ ಮರಿಯ ಲೆಕ್ಕಕ್ಕೇ ಬರುತ್ತದೆ. ಅದೂ ನಮ್ಮ ಹಾಗೆ ಒಂದೇ ಪಟ್ಟಿಗಲ್ಲ, ತುಂಡು ತುಂಡಾಗಿ. ನೋಡಬೇಕಾದ್ದು ಎಲ್ಲಿ ಮಲಗುತ್ತದೆ, ಹ್ಯಾಂಗ ಮಲಗುತ್ತದೆ, ಹ್ಯಾಂಗ ಏಳುತ್ತದೆ ಅನ್ನುವುದನ್ನ. ನಮ್ಮಜ್ಜ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ನಾಯಿಯನ್ನಲ್ಲ, ಅದು ಮಲಗಿದ್ದ ಜಾಗವನ್ನ. ಹಾಸಿದ ಕಣಿಕೆ ಒಂದೇ ಕಡೆ ಒತ್ತಿದ್ದರೆ ರಾತ್ರಿ ಚಲೋ ನಿದ್ದಿ ಅಂತ. ಎಲ್ಲ ಕೆದರಿದ್ದರೆ "ಇವತ್ತ ಇದನ್ನ ಮೊಲದ ಹಿಂದ ಬಿಡಬ್ಯಾಡ್ರಿ" ಅನ್ನುತ್ತಿದ್ದ. ಆಗ ಬೇಟೆಯ ಕಾಲ, ಈಗ ಅದು ಕಾನೂನಿಗೆ ವಿರುದ್ಧ ಬಿಡ್ರಿ.

ನಮ್ಮ ನಾಯಿಗಳ ಎಲುಬಿನ ಮೇಲೆ ಮಾಂಸ ಕಮ್ಮಿ, ಕೊಬ್ಬಂತೂ ಇಲ್ಲವೇ ಇಲ್ಲ. ಗಟ್ಟಿ ನೆಲಕ್ಕೆ ಮಲಗಿದರೆ ಮೊಣಕೈಗೆ ಜಡ್ಡು ಬರುತ್ತದೆ. ಹಾಗಾಗಿ ಅವು ಮಲಗುವ ಜಾಗ ಬದಲಿಸಿದರೆ ನಾವು ಮೊದಲು ನೆಲ ನೋಡುತ್ತೇವೆ, ಆಮೇಲೆ ನಾಯಿ. (2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ತಂದಾಗ ಅಜ್ಜ ಹತ್ತು ಚೀಟಿ ಕೊಂಡ. ಒಂದನ್ನೂ ಯಾವ ಕಾಗದಕ್ಕೂ ಅಂಟಿಸಲಿಲ್ಲ. ಅಂಥ ಹುಚ್ಚು.)

ಕಾಫಿಕಾಡು · ಮೂಡಿಗೆರೆ ಕಡೆ

ನಾಯಿಗೆ ಗೊತ್ತಿರುವುದು ನಮಗೆ ಗೊತ್ತಿರುವುದಿಲ್ಲ. ಅದಕ್ಕೊಂದು ಕತೆ.

ನಮ್ಮ ತೋಟದ ಮನೆಯ ಟೈಗರ್ ಜಗಲಿಯ ಗೋಣಿಚೀಲದ ಮೇಲೆ ಮಲಗಿ ಏಳು ವರ್ಷ ಕಳೆದಿದ್ದ. ಒಂದು ನವೆಂಬರ್‌ನಲ್ಲಿ ಇದ್ದಕ್ಕಿದ್ದಂತೆ ರಾತ್ರಿ ಬಾಗಿಲು ಕೆರೆಯಲು ಶುರು ಮಾಡಿದ. ಒಳಗೆ ಬಿಡದಿದ್ದರೆ ಸೌದೆ ಕೊಟ್ಟಿಗೆಯ ಮೂಲೆಗೆ ಹೋಗಿ ನುಸುಳಿಕೊಳ್ಳುವುದು. ಹಗಲು ಕಣದಲ್ಲಿ, ಕಾಫಿ ಹಣ್ಣು ಹರಡಿದ ಪಕ್ಕ, ಜನ ಓಡಾಡುವಾಗ ಮಾತ್ರ ಮೈಮರೆತು ನಿದ್ದೆ. "ಮುದಿಯಾದ, ಸೋಮಾರಿಯಾದ" ಅಂತ ನಾವೆಲ್ಲ ಬೈದದ್ದೇ ಬೈದದ್ದು. ನಾಲ್ಕನೇ ದಿನ ಪಕ್ಕದ ತೋಟದ ಲೈನ್ ಮನೆಯ ನಾಯಿಯನ್ನು ಚಿರತೆ ಹೊತ್ತುಕೊಂಡು ಹೋಯಿತು. ನಮ್ಮ ಜಗಲಿಯಿಂದ ನೂರು ಹೆಜ್ಜೆ ದೂರದ ಹಸಿ ಮಣ್ಣಲ್ಲಿ ಹೆಜ್ಜೆ ಗುರುತಿತ್ತು. ಅವತ್ತಿನಿಂದ ಟೈಗರ್ ಒಳಗೇ. ಹೆಸರಿಗೆ ಟೈಗರ್!

ಮೈಸೂರು ಪೇಟೆ ಮಧ್ಯೆ ಇದಲ್ಲ ಅಂತ ಗೊತ್ತು. ಆದರೆ ಹೊರಗೆ ಹೊಸ ಬೀದಿನಾಯಿ, ಹೆಗ್ಗಣ, ಪಕ್ಕದ ಮನೆಯ ಹೊಸ ಮೋಟಾರ್ ಪಂಪಿನ ಸದ್ದು, ಇಂಥದ್ದೇನಾದರೂ ಇದೆಯಾ ನೋಡಿ.

ಗಲ್ಲಿನಾಯಿಗಳಮ್ಮ · ಬೆಂಗಳೂರು

ಮೈಮೇಲೆ ಉಣ್ಣೆ ಹುಳ ಇದೆಯಾ ನೋಡಿದಿರಾ? ಕಿವಿಯ ಒಳಗೆ, ಬೆರಳ ಸಂದಿ, ಬಾಲದ ಬುಡ. ವಸಡು ಎತ್ತಿ ನೋಡಿ, ಕೆಂಪಗಿದೆಯಾ ಬಿಳಚಿಕೊಂಡಿದೆಯಾ. ನಾನು ಮೊದಲು ಕೇಳುವುದೇ ಇದು, ಯಾಕೆಂದರೆ ಒಮ್ಮೆ ಸರಿಯಾಗಿ ಪಾಠ ಕಲಿತಿದ್ದೇನೆ.

ನಮ್ಮ ರಾಣಿಗೆ ಆಗ ನಾಲ್ಕು ವರ್ಷ. ಹಗಲು ಜಾಸ್ತಿ ಮಲಗಲು ಶುರು ಮಾಡಿದಳು. ಗೇಟಿನ ಸದ್ದಾದರೆ ತಲೆ ಎತ್ತುವಳು, ಏಳುವುದಿಲ್ಲ. ಬೇಸಿಗೆ, ಸೆಕೆಗೆ ಹೀಗೆ ಅಂತ ನಾನು ಸುಮ್ಮನಿದ್ದೆ. ಐದನೇ ದಿನ ಮೂಗಿನಿಂದ ರಕ್ತ. ಟಿಕ್ ಫೀವರ್, ಉಣ್ಣೆ ಕಚ್ಚಿ ಬರುವ ಜ್ವರ. ಪ್ಲೇಟ್‌ಲೆಟ್ ತಳ ಕಂಡಿತ್ತು. 28 ದಿನ ಡಾಕ್ಸಿಸೈಕ್ಲಿನ್ ಕೊಟ್ಟು ಬದುಕಿಸಿಕೊಂಡೆವು. ಮೈಮೇಲೆ ಒಂದೇ ಒಂದು ಉಣ್ಣೆ ಕಂಡಿರಲಿಲ್ಲ! ಎಲ್ಲ ಕಾಂಪೌಂಡ್ ಗೋಡೆಯ ಬಿರುಕಿನಲ್ಲಿದ್ದವು. ಈ ಕಂದು ಉಣ್ಣೆ ನಾಯಿಯ ರಕ್ತ ಕುಡಿದು ಕೆಳಗಿಳಿದು ಗೋಡೆ ಸಂದಿಯಲ್ಲೇ ಮೊಟ್ಟೆ ಇಡುತ್ತದೆ. ಮೈಗೆ ಔಷಧಿ ಹಾಕಿ ಗೋಡೆ ಬಿಟ್ಟರೆ ಏನೂ ಉಪಯೋಗವಿಲ್ಲ.

ಚಟುವಟಿಕೆಯ ನಾಯಿ ಮೂರ್ನಾಲ್ಕು ದಿನದಲ್ಲಿ ದಿಢೀರ್ ಅಂತ ಮಂಕಾಗಿ ಮಲಗಿದರೆ ನಮ್ಮೂರಲ್ಲಿ ಮೊದಲು ರಕ್ತ ಪರೀಕ್ಷೆ. ಮಿಕ್ಕ ವಿಚಾರ ಆಮೇಲೆ.

ನೇರಮಾತು · ತುಮಕೂರು

ಇಷ್ಟೆಲ್ಲ ಯಾಕೆ? ಮನೆಯಲ್ಲಿರುವ ನೋವಿನ ಮಾತ್ರೆ ಅರ್ಧ ಬೆಲ್ಲದಲ್ಲಿಟ್ಟು ಕೊಡಿ. ಇಲ್ಲ ನಿದ್ದೆ ಮಾತ್ರೆ ಕಾಲು ಭಾಗ. ನಮ್ಮ ನಾಯಿಗೆ ಕೊಟ್ಟಿದ್ದೆವು, ಚೆನ್ನಾಗಿ ಮಲಗಿತು.

ಹಳ್ಳಿಪಶುವೈದ್ಯ · ಹಾಸನ ಜಿಲ್ಲೆ

ದಯವಿಟ್ಟು ಕೊಡಬೇಡಿ. ಉಳಿದದ್ದು ರಾತ್ರಿ ಬರೆಯುತ್ತೇನೆ, ಈಗ ಒಂದು ಹಸು ಕರು ಹಾಕುತ್ತಿದೆ. ಅಷ್ಟರಲ್ಲಿ ಯಾರೂ ಮಾತ್ರೆ ಕೊಟ್ಟುಬಿಡಬಾರದು ಅಂತ ಇಷ್ಟು ಬರೆದೆ. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಲಿವರ್‌ಗೆ ಹೊಡೆತ. ಒಂದು ನಾಯಿ ತಡೆದುಕೊಂಡಿತು ಅಂದರೆ ಇನ್ನೊಂದು ತಡೆದುಕೊಳ್ಳುತ್ತದೆ ಅಂತಲ್ಲ.

ಜೆರ್ಸಿಯಲ್ಲಿರೋಳು · ನ್ಯೂಜೆರ್ಸಿ

ಬೇಸರ ಮಾಡಿಕೊಳ್ಳಬೇಡಿ ಅಕ್ಕ, ನೀವು ಬರೆದದ್ದು ಓದುತ್ತಿದ್ದಂತೆ ನನಗೆ ನಮ್ಮ ಬೀಗಲ್ ನೆನಪಾದ. ಹದಿನಾಲ್ಕು ವರ್ಷದವನು. ಹಗಲೆಲ್ಲ ನಿದ್ದೆ, ರಾತ್ರಿ ಎರಡಕ್ಕೆ ಎದ್ದು ಓಡಾಟ. ಸೋಫಾ ಹಿಂದೆ ಹೋಗಿ ಸಿಕ್ಕಿಕೊಂಡು, ಹಿಂದಕ್ಕೆ ಬರಬೇಕು ಅನ್ನುವುದೇ ಮರೆತು ಅಳುತ್ತಿದ್ದ. ಬಾಗಿಲು ತೆರೆಯುವ ಕಡೆ ಬಿಟ್ಟು ತಿರುಗಣಿ ಇರುವ ಕಡೆ ಹೋಗಿ ಕಾಯುತ್ತಿದ್ದ. ಇಲ್ಲಿನ ಡಾಕ್ಟರ್ ಅದನ್ನು ಮುದಿ ನಾಯಿಗಳ ಮರೆವಿನ ಕಾಯಿಲೆ ಅಂದರು, ಮನುಷ್ಯರ ಅಲ್ಝೈಮರ್ ತರಹದ್ದು.

ಇದು ಅಪರೂಪವೇನಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪಶುವೈದ್ಯರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11-12 ವರ್ಷದ ನಾಯಿಗಳಲ್ಲಿ ಶೇ. 28ಕ್ಕೆ, 15-16 ವರ್ಷದವುಗಳಲ್ಲಿ ಶೇ. 68ಕ್ಕೆ ಇದರ ಒಂದಾದರೂ ಲಕ್ಷಣ ಕಂಡಿತ್ತು. ನಿದ್ದೆ ತಲೆಕೆಳಗಾಗುವುದು ಅದರಲ್ಲಿ ಒಂದು.

ಎಲ್ಲ ಬದಲಾವಣೆಯೂ ಕಾಯಿಲೆಯಲ್ಲ ಅನ್ನುವುದೂ ನಿಜ. ಇಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರಲ್ಲ, ನಮ್ಮವನಿಗೆ ಅದು ಯಾರು ಹೇಳಬೇಕು? ನವೆಂಬರ್ ಪೂರ್ತಿ ಆರು ಗಂಟೆಯ ಊಟಕ್ಕೆ ಐದಕ್ಕೇ ತಟ್ಟೆ ಮುಂದೆ ಹಾಜರ್.

ಕರಿಯನಮನೆ

ಎಲ್ಲರಿಗೂ ಥ್ಯಾಂಕ್ಸ್. ಜೆರ್ಸಿ ಅಕ್ಕನ ಮಾತು ಓದಿ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಕತ್ತಲಲ್ಲಿ ನಿಲ್ಲುವುದು ಹಾಗೇ ಇದೆ. ಆದರೆ ಇವನು ಎಲ್ಲೂ ಸಿಕ್ಕಿಹಾಕಿಕೊಳ್ಳುವುದಿಲ್ಲ, ಹೆಸರು ಕರೆದರೆ ತಕ್ಷಣ ಬಾಲ ಅಲ್ಲಾಡಿಸುತ್ತಾನೆ, ಮನೆಯೊಳಗೆ ಗಲೀಜೂ ಮಾಡಿಲ್ಲ. ಉಣ್ಣೆ ಇಲ್ಲ, ವಸಡು ಕೆಂಪಗಿದೆ. ಹೊರಗೆ ಹೊಸ ಸದ್ದೂ ಇಲ್ಲ. ದೀಪಾವಳಿ ಪಟಾಕಿಗೆ ಎರಡು ರಾತ್ರಿ ಬಾತ್‌ರೂಮ್ ಸೇರಿದ್ದ, ಅದು ಪ್ರತಿ ವರ್ಷದ್ದು.

ಪಗ್ಗುಪ್ಪ

ತಮಾಷೆ ಬಿಟ್ಟು ಒಂದು ಮಾತು ಮೇಡಂ. ನಮ್ಮ ಹಿಂದಿನ ಪಗ್ಗು ಕೊನೆಕೊನೆಗೆ ಮಲಗುವುದನ್ನೇ ಬಿಟ್ಟಿದ್ದ. ಕೂತೇ ನಿದ್ದೆ. ಗದ್ದವನ್ನು ಸೋಫಾ ಅಂಚಿಗೆ ಇಟ್ಟು ತೂಕಡಿಸುವುದು, ಬೀಳುವಾಗ ಎಚ್ಚರ. ನಾವು ಅದನ್ನ ವಿಡಿಯೊ ಮಾಡಿ ಎಲ್ಲರಿಗೂ ಕಳಿಸಿ ನಕ್ಕಿದ್ದೇ ನಕ್ಕಿದ್ದು. ಹೃದಯ ದೊಡ್ಡದಾಗಿತ್ತು ರೀ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಅದಕ್ಕೇ ಕೂತಿರುತ್ತಿದ್ದ. ಆ ವಿಡಿಯೊ ಇನ್ನೂ ಫೋನಿನಲ್ಲಿದೆ, ನೋಡಲು ಆಗುವುದಿಲ್ಲ. ನಿಮ್ಮ ಕರಿಯ ಮಗ್ಗುಲಾಗಿ ಮಲಗುತ್ತಾನಾ ನೋಡಿ.

ಹಳ್ಳಿಪಶುವೈದ್ಯ

ಕರು ಹೆಣ್ಣು, ತಾಯಿ ಮಗಳು ಇಬ್ಬರೂ ಕ್ಷೇಮ. ಈಗ ಕರಿಯನ ವಿಷಯ. ನನ್ನ ದಿನದ ಕೆಲಸ ಹೆಚ್ಚಾಗಿ ಹಸು, ಎಮ್ಮೆಯದು. ಆದರೂ ಹಳ್ಳಿಯಲ್ಲಿ ನಾಯಿ ಇಲ್ಲದ ಮನೆ ಎಲ್ಲಿದೆ?

ಪಗ್ಗುಪ್ಪನವರು ಹೇಳಿದ್ದು ಎಲ್ಲಕ್ಕಿಂತ ಮೊದಲು ನೋಡಬೇಕಾದ ವಿಷಯ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವ ನಾಯಿ ಮಲಗಲು ಹೆದರುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು, ಒಂದು ರೂಪಾಯಿ ಖರ್ಚಿಲ್ಲ. ನಾಯಿ ಗಾಢವಾಗಿ ಮಲಗಿರುವಾಗ ಹೊಟ್ಟೆ ಮೇಲೆ ಕೆಳಗೆ ಆಗುವುದನ್ನು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಮೇಲೆ ಹೋಗಿ ಕೆಳಗೆ ಬಂದರೆ ಒಂದು. ಕಾಲು ಅದುರಿಸುತ್ತಾ ಕನಸು ಕಾಣುವಾಗ ಎಣಿಸಬೇಡಿ, ಆಗ ಉಸಿರು ಜೋರಿರುತ್ತದೆ. ಆರೋಗ್ಯದ ನಾಯಿಗೆ ನಿಮಿಷಕ್ಕೆ 30ಕ್ಕಿಂತ ಕಮ್ಮಿ ಬರುತ್ತದೆ. ಮೂರು ರಾತ್ರಿ ಎಣಿಸಿ ಬರೆದಿಡಿ. ಪದೇ ಪದೇ 30 ದಾಟಿದರೆ ಮಾರನೇ ದಿನಕ್ಕೆ ಕಾಯಬೇಡಿ.

ಎರಡನೆಯದು ನೀರು. ರಾತ್ರಿ ಎದ್ದು ಓಡಾಡುವ ಎಷ್ಟೋ ನಾಯಿಗಳಿಗೆ ನಿದ್ದೆಯ ತೊಂದರೆ ಇರುವುದೇ ಇಲ್ಲ, ಮೂತ್ರ ಬಂದಿರುತ್ತದೆ. ಕಿಡ್ನಿ, ಸಕ್ಕರೆ ಕಾಯಿಲೆ, ಕುಶಿಂಗ್ಸ್ ಅನ್ನುವ ಹಾರ್ಮೋನ್ ಕಾಯಿಲೆ, ಇವೆಲ್ಲ ಮೊದಲು ಕಾಣುವುದು ನೀರಿನ ಬಟ್ಟಲಿನಲ್ಲಿ. ಬೆಳಿಗ್ಗೆ ಅಳತೆ ಮಾಡಿ ಹಾಕಿ, ಮಾರನೇ ಬೆಳಿಗ್ಗೆ ಉಳಿದದ್ದು ಅಳೆಯಿರಿ. ಹೆಣ್ಣು ನಾಯಿ ಸಾಕಿರುವವರು ಇದನ್ನೂ ಓದಿಕೊಳ್ಳಿ: ಆಪರೇಷನ್ ಆಗದ ನಾಯಿ ಬೆದೆಗೆ ಬಂದು ಒಂದೆರಡು ತಿಂಗಳೊಳಗೆ ಮಂಕಾಗಿ ಮಲಗಿ ನೀರು ಜಾಸ್ತಿ ಕುಡಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅದು ಅದೇ ದಿನ ಆಸ್ಪತ್ರೆಗೆ ಓಡಬೇಕಾದ ವಿಷಯ.

ಥೈರಾಯ್ಡ್ ಕಮ್ಮಿಯಾದರೂ ನಾಯಿ ಮಲಗಿದ್ದೇ ಮಲಗಿದ್ದು. ಅಂಥವು ತಿನ್ನದೆಯೂ ದಪ್ಪಗಾಗುತ್ತವೆ, ಕೂದಲು ಉದುರುತ್ತದೆ, ಬಿಸಿಲು ಹುಡುಕಿಕೊಂಡು ಹೋಗುತ್ತವೆ. ರಾತ್ರಿ ಓಡಾಡುವುದು ಅದರ ಗುಣವಲ್ಲ.

ಮರೆವಿನ ಕಾಯಿಲೆ ಇರಬಹುದಾ? ಇರಬಹುದು. ಸೆಲೆಜಿಲಿನ್ ಅಂತ ಔಷಧಿಯೂ ಇದೆ. ಆದರೆ ನೋವು, ಕಿವಿ, ಕಣ್ಣು, ಕಿಡ್ನಿ ಎಲ್ಲ ನೋಡಿ ಏನೂ ಸಿಗದಿದ್ದಾಗ ಹೇಳಬೇಕಾದ ಹೆಸರು ಅದು. ಅದನ್ನೇ ಮೊದಲು ಹೇಳಿಬಿಟ್ಟರೆ ಉಳಿದದ್ದನ್ನು ಯಾರೂ ಹುಡುಕುವುದಿಲ್ಲ.

ನನಗೆ ಅನುಮಾನ ಇರುವುದು ನೋವಿನ ಮೇಲೆ. ಸೋಫಾ ಹತ್ತುವುದು ಬಿಟ್ಟಿದ್ದಾನೆ ಅಂದಿರಲ್ಲ. ನೋವಿದ್ದರೆ ಕುಂಯ್ ಅನ್ನುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಹೆಚ್ಚಿನ ನಾಯಿಗಳು ಅನ್ನುವುದಿಲ್ಲ, ಸುಮ್ಮನೆ ಒಂದೊಂದೇ ಕೆಲಸ ಬಿಡುತ್ತಾ ಹೋಗುತ್ತವೆ. ಮಲಗಿದ್ದವನು ಎದ್ದೇಳುವ ವಿಡಿಯೊ ಮಾಡಿ. ಆಮೇಲೆ ನಿಧಾನಕ್ಕೆ ಓಡಿಸಿ ನೋಡಿ. ಒಂದು ಮಾತು, ಮುಟ್ಟಿ ಎಬ್ಬಿಸಬೇಡಿ. ಮುದಿ ನಾಯಿಗೆ ಕಿವಿ ಮಂದವಿದ್ದರೆ ಬೆಚ್ಚಿ ಬಾಯಿ ಹಾಕಬಹುದು.

ಕರಿಯನಮನೆ

ಮೂರು ರಾತ್ರಿ ಎಣಿಸಿದೆ ಡಾಕ್ಟ್ರೇ. 18, 20, 18. ಎಣಿಸುತ್ತಾ ಎಣಿಸುತ್ತಾ ನನಗೇ ನಿದ್ದೆ ಬಂತು. ನೀರು ದಿನಕ್ಕೆ ಒಂದೂವರೆ ಲೀಟರ್ ಒಳಗೇ ಇದೆ, ಜಾಸ್ತಿಯಾ?

ವಿಡಿಯೊ ಮಾಡಿದೆ. ಮೊದಲ ಸಲ ಏನೂ ಕಾಣಲಿಲ್ಲ. ನಿಧಾನ ಮಾಡಿ ನೋಡಿದಾಗ ಗೊತ್ತಾಯಿತು. ಮುಂಗಾಲು ಎರಡೂ ಊರುತ್ತಾನೆ, ಹಿಂದಿನ ಭಾಗ ಎತ್ತುವಾಗ ಹಿಂಗಾಲು ಎರಡೂ ಹೊರಗಡೆಗೆ ಸರ್ರನೆ ಜಾರುತ್ತವೆ. ಕೂರುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನ. ಮೂರನೇ ಸಲಕ್ಕೆ ಎದ್ದ. ಎದ್ದವನು ತಿರುಗಿ ನನ್ನನ್ನು ನೋಡಿದ, ಏನೂ ಆಗಿಲ್ಲ ಅನ್ನುವ ಹಾಗೆ.

ಹಳ್ಳಿಪಶುವೈದ್ಯ

31 ಕೆ.ಜಿ.ಗೆ ಆ ನೀರು ಜಾಸ್ತಿಯಲ್ಲ. ಉಸಿರೂ ಚೆನ್ನಾಗಿದೆ. ಹಿಂಗಾಲು, ಸೊಂಟದ ಕೀಲು ನೋಡಿಸಿ. ಎಕ್ಸ್‌ರೇ ಬೇಕಾಗುತ್ತದೆ.

ಮುಧೋಳದವ

ಅಕ್ಕಾರ, ಒಂದು ಕೇಳಲಾ? ಆ ಹೊಸ ಟೈಲ್ಸ್ ನುಣುಪು ಅದಾವೇನು, ಕನ್ನಡಿ ಹೊಳೆದಂಗ?

ಕರಿಯನಮನೆ

ಅಯ್ಯೋ.

ಹೌದು. ಅಪ್ಪನ ರೂಮು, ಹಾಲ್, ಪ್ಯಾಸೇಜ್ ಎಲ್ಲ ವಿಟ್ರಿಫೈಡ್. ಮೊದಲು ಇದ್ದದ್ದು ಅಜ್ಜಿ ಕಾಲದ ರೆಡ್ ಆಕ್ಸೈಡ್, ಅಲ್ಲಲ್ಲಿ ಬಿರುಕು ಬಿಟ್ಟಿತ್ತು ಅಂತ ಕೀಳಿಸಿದೆವು. ಅಡುಗೆಮನೆಗೆ ಮಾತ್ರ ಬಜೆಟ್ ಸಾಲದೆ ಹಳೇ ಕಡಪ ಕಲ್ಲೇ ಬಿಟ್ಟಿದ್ದೇವೆ.

ಈಗ ಎದ್ದು ಹೋಗಿ ನೋಡಿ ಬಂದೆ. ಅವನು ರಾತ್ರಿ ನಿಲ್ಲುವ ಜಾಗ ಇದೆಯಲ್ಲ, ಅಡುಗೆಮನೆ ಬಾಗಿಲು, ಸರಿಯಾಗಿ ಟೈಲ್ಸ್ ಮುಗಿದು ಕಡಪ ಕಲ್ಲು ಶುರುವಾಗುವ ಗೆರೆ. ನಾಲ್ಕೂ ಕಾಲು ಕಲ್ಲಿನ ಮೇಲೆ, ಮುಖ ಹಾಲ್ ಕಡೆ. ಕತ್ತಲಲ್ಲಿ ದಾರಿ ತಪ್ಪಿ ನಿಂತಿದ್ದಲ್ಲ. ಆಚೆ ಹೋಗಲೋ ಬೇಡವೋ ಅಂತ ನಿಂತಿದ್ದ. ಇಡೀ ಮನೆಯಲ್ಲಿ ತಳಕ್ಕೆ ರಬ್ಬರ್ ಇರುವುದು ಬಾತ್‌ರೂಮ್ ಕಾಲೊರಸಿಗೆ ಮಾತ್ರ. ಕಂಬಳಿಯನ್ನು ಅವನು ಎಳೆದು ಬಿಸಾಕಿಲ್ಲ. ಏಳಲು ಹೋದಾಗ ಅದೇ ಜಾರಿಕೊಂಡು ಹೋಗಿದೆ.

"ಮನೆಯಲ್ಲಿ ಏನೂ ಬದಲಾಗಿಲ್ಲ" ಅಂತ ನಾನೇ ಬರೆದಿದ್ದೆ.

ಗಲ್ಲಿನಾಯಿಗಳಮ್ಮ

ನಾವೂ ಟೈಲ್ಸ್ ಅಂತ ಓದಿ ಮುಂದೆ ಹೋದವರೇ ಅಲ್ವಾ. ಉಗುರು ಕತ್ತರಿಸಿ ಎಷ್ಟು ದಿನವಾಯಿತು? ಟಕ್ ಟಕ್ ಅಂತ ಕೇಳಿಸುತ್ತದೆ ಅಂದರೆ ಉದ್ದ ಬೆಳೆದಿದೆ. ಉದ್ದ ಉಗುರಿನ ನಾಯಿಗೆ ಪಾದದ ಗಾದಿ ನೆಲಕ್ಕೆ ಸರಿಯಾಗಿ ತಾಗುವುದಿಲ್ಲ, ಇನ್ನೂ ಜಾರುತ್ತದೆ. ಗಾದಿಯ ಮಧ್ಯೆ ಬೆಳೆದ ಕೂದಲನ್ನೂ ತೆಗೆಸಿ.

ಮೊದಲಮರಿ · ಉಡುಪಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಮೂರು ತಿಂಗಳ ಮರಿ. ನಿದ್ದೆಯಲ್ಲಿ ಕಾಲು ಒದರುತ್ತದೆ, ತುಟಿ ಅದುರುತ್ತದೆ, ಸಣ್ಣಗೆ ಬೊಗಳುತ್ತದೆ. ಫಿಟ್ಸ್ ಅಂತ ಅಮ್ಮ ಹೆದರಿದ್ದಾರೆ.

ಹಳ್ಳಿಪಶುವೈದ್ಯ

ಕನಸು. ಮರಿಗಳಲ್ಲಿ ಜಾಸ್ತಿ. ದೂರದಿಂದ ಹೆಸರು ಕರೆಯಿರಿ, ಎದ್ದು ಪಿಳಿಪಿಳಿ ನೋಡಿದರೆ ಚಿಂತೆಯಿಲ್ಲ. ಮೈ ಮರದ ಹಾಗೆ ಸೆಟೆದುಕೊಂಡು, ಜೊಲ್ಲು ಸುರಿದು, ಮೂತ್ರ ಹೋಗಿ, ಕರೆದರೂ ಎಚ್ಚರವಾಗದಿದ್ದರೆ ಅದು ಫಿಟ್ಸ್. ಆಗ ಬಾಯಿಗೆ ಕೈ ಹಾಕದೆ ವಿಡಿಯೊ ಮಾಡಿಕೊಂಡು ಆಸ್ಪತ್ರೆಗೆ ಹೋಗಿ. ಅಮ್ಮನಿಗೆ ಹೇಳಿ, ಈಗ ಅದು ಓಡಿಸುತ್ತಿರುವುದು ಬೆಕ್ಕನ್ನಿರಬೇಕು.

ಕರಿಯನಮನೆ · ಹದಿನೇಳು ದಿನದ ನಂತರ

ಆಸ್ಪತ್ರೆಗೆ ಹೋಗಿ ಬಂದ ಮೇಲೆ ಬರೆಯಬೇಕು ಅಂದುಕೊಂಡೇ ಇಷ್ಟು ದಿನವಾಯಿತು.

ಎಕ್ಸ್‌ರೇಯಲ್ಲಿ ಎರಡೂ ಸೊಂಟದ ಕೀಲು ಸವೆದಿದೆ, ಎಡಗಡೆ ಜಾಸ್ತಿ. ಇದು ಎರಡು ತಿಂಗಳಲ್ಲಿ ಆದದ್ದಲ್ಲವಂತೆ, ವರ್ಷಗಳಿಂದ ಇತ್ತಂತೆ. ಹಳೇ ನೆಲದ ಮೇಲೆ ಹೇಗೋ ನಿಭಾಯಿಸಿಕೊಂಡಿದ್ದ. ಹೊಸ ನೆಲದಲ್ಲಿ ಪ್ರತಿ ಸಲ ಏಳುವಾಗಲೂ ಜಾರಿ, ಬಿಗಿ ಹಿಡಿದು, ಆ ಭಾಗದ ಮಾಂಸಖಂಡವೆಲ್ಲ ನೋವು ಮಾಡಿಕೊಂಡಿದ್ದಾನೆ. ಮೇಲಿಂದ ಚಳಿ. ರಾತ್ರಿ ಒಂದೇ ಮಗ್ಗುಲಲ್ಲಿದ್ದರೆ ಕೀಲು ಹಿಡಿದುಕೊಂಡು ಎಚ್ಚರವಾಗುತ್ತದೆ, ಎದ್ದರೆ ಮತ್ತೆ ಮಲಗಲು ಭಯ. ಅದಕ್ಕೇ ಓಡಾಟ. ರಾತ್ರಿ ನಿದ್ದೆಯಿಲ್ಲದ ಮೇಲೆ ಹಗಲು ಮಲಗದೆ ಇನ್ನೇನು ಮಾಡುತ್ತಾನೆ?

ಮೊದಲು ರಕ್ತ ತೆಗೆದು ಕಿಡ್ನಿ, ಲಿವರ್ ಸರಿಯಿದೆ ಅಂತ ನೋಡಿ ಆಮೇಲೆ ನಾಯಿಗೇ ಆಗುವ ನೋವಿನ ಔಷಧಿ ಬರೆದುಕೊಟ್ಟರು, ಊಟದ ಜೊತೆ ಕೊಡಬೇಕು. ತೂಕ 27 ಕೆ.ಜಿ.ಗೆ ಇಳಿಸಬೇಕಂತೆ. ಮುದ್ದೆ ಅರ್ಧ ಮಾಡಿದ್ದೇನೆ. ಅದಕ್ಕೆ ಅವನು ನನ್ನ ಮುಖ ನೋಡುವುದಿಲ್ಲ. ಉಗುರು ಕತ್ತರಿಸಿದ್ದಾಯಿತು. ಮರೆವಿನ ಕಾಯಿಲೆ ಇಲ್ಲವೇ ಇಲ್ಲ ಅಂತ ಈಗಲೇ ಹೇಳಲಾಗದು, ನೋವು ಇಳಿದ ಮೇಲೂ ರಾತ್ರಿ ಹೀಗೇ ಇದ್ದರೆ ನೋಡೋಣ ಅಂದರು.

ಅವತ್ತು ಸಂಜೆಯೇ ಇದ್ದಬದ್ದ ಯೋಗ ಮ್ಯಾಟ್ ಎರಡನ್ನೂ ಕತ್ತರಿಸಿ ಅಪ್ಪನ ಮಂಚದಿಂದ ಹಿತ್ತಲ ಬಾಗಿಲವರೆಗೆ ಹಾಸಿದೆ. ಮಂಚದ ಪಕ್ಕ ರಬ್ಬರ್ ಮ್ಯಾಟು, ಅದರ ಮೇಲೆ ಹಳೇ ಹತ್ತಿ ಹಾಸಿಗೆ. ಅಪ್ಪ ಸಿಡುಕಿದರು. "ಇಷ್ಟು ದುಡ್ಡು ಸುರಿದು ಟೈಲ್ಸ್ ಹಾಕಿಸಿದ್ದು ಅದರ ಮೇಲೆ ಮ್ಯಾಟ್ ಹಾಸೋಕಾ?"

ಕರಿಯ ಮೊದಲ ದಿನ ಮ್ಯಾಟಿನ ಅಂಚಿಗೆ ಬಂದು ಒಂದು ಕಾಲಿಟ್ಟ. ಒತ್ತಿ ನೋಡಿದ. ಇನ್ನೊಂದು ಕಾಲಿಟ್ಟ. ನದಿ ದಾಟುವವನ ಹಾಗೆ ಒಂದು ಮ್ಯಾಟಿನಿಂದ ಇನ್ನೊಂದಕ್ಕೆ, ಮಧ್ಯೆ ಅರ್ಧ ಅಡಿ ಟೈಲ್ಸ್ ಕಂಡ ಕಡೆ ನಿಂತುಬಿಟ್ಟ. ಆ ಸಂದಿಗೆ ನಮ್ಮ ಗೋಣಿಚೀಲ ಹಾಕಿ ಅಂಟಿಸಿದೆ. ಆಗ ಮಂಚದವರೆಗೆ ಹೋದ.

ಮೊದಲ ವಾರ ಹೆಚ್ಚೇನೂ ಬದಲಾಗಲಿಲ್ಲ. ಒಂದು ರಾತ್ರಿ ಮಲಗಿದರೆ ಇನ್ನೊಂದು ರಾತ್ರಿ ಮತ್ತೆ ಓಡಾಟ. ಎರಡನೇ ವಾರದಿಂದ ಒಂದೇ ಸಲ ಏಳುತ್ತಾನೆ, ಮೂರೂವರೆ ಹೊತ್ತಿಗೆ. ಹಿತ್ತಲಿಗೆ ಹೋಗಿ ಬಂದು ಮಲಗುತ್ತಾನೆ. ಮಗ್ಗುಲಾಗಿ ಕಾಲು ಚಾಚುವುದು ಮೊನ್ನೆಯಿಂದ ಶುರುವಾಗಿದೆ. ನಿಟ್ಟುಸಿರು ಇನ್ನೂ ಕೇಳಿಲ್ಲ.

ಜೆರ್ಸಿಯಲ್ಲಿರೋಳು

ಓದಿ ಮನಸ್ಸು ಹಗುರವಾಯಿತು. ನಾನು ಸುಮ್ನೆ ಹೆದರಿಸಿಬಿಟ್ಟೆ ಅಕ್ಕ.

ಕರಿಯನಮನೆ

ಇಲ್ಲಮ್ಮ, ನೀವು ಹೆದರಿಸಿದ್ದಕ್ಕೇ ವಿಡಿಯೊ ಮಾಡಿದ್ದು.

ನೇರಮಾತು

ಮಾತ್ರೆ ವಿಷಯ ಗೊತ್ತಿರಲಿಲ್ಲ. ಇನ್ನು ಹೇಳುವುದಿಲ್ಲ.

ಮುಧೋಳದವ

ಅಕ್ಕಾರ, ಮ್ಯಾಟಿನ ಮೂಲೆ ಎದ್ದಿರದ ಹಾಗೆ ನೋಡಿಕೊಳ್ಳಿ, ಎಡವುತ್ತಾನೆ. ಬೆಳಿಗ್ಗೆ ಹಾಸಿಗೆ ನೋಡಿ. ಒಂದೇ ಕಡೆ ತಗ್ಗು ಬಿದ್ದಿದ್ದರೆ ನಮ್ಮಜ್ಜನ ಲೆಕ್ಕದಲ್ಲಿ ಪಾಸ್.

ಕರಿಯನಮನೆ

ಈಗಷ್ಟೇ ನೋಡಿ ಬಂದೆ. ತಗ್ಗು ಒಂದೇ ಕಡೆ ಇದೆ.

ಮ್ಯಾಟಿನ ಒಂದು ತುಂಡು ಉಳಿದಿತ್ತು, ಎಲ್ಲಿಟ್ಟೆ ಅಂತ ನಿನ್ನೆಯಿಂದ ಹುಡುಕುತ್ತಿದ್ದೆ. ಅಪ್ಪ ತಮ್ಮ ಮಂಚದ ಇನ್ನೊಂದು ಪಕ್ಕ, ಕಾಲಿಡುವ ಕಡೆ ಹಾಕಿಕೊಂಡಿದ್ದಾರೆ. ಕೇಳಿದರೆ, ದಸರಾದಿಂದೀಚೆಗೆ ಅವರೂ ಎರಡು ಸಲ ಜಾರಿದ್ದರಂತೆ.